ಟೈರಿಗೆ ಹಿಡಿತ ಬೇಕು

ಎರಡು ಕಾರುಗಳು ಪಕ್ಕಪಕ್ಕ ನಿಂತು ನೇರ ದಾರಿಯಲ್ಲಿ ಓಡುವ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಅಂತಾರೆ. ದೂರ ಹೆಚ್ಚಾಗಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಇದು ಬೆಳೆದದ್ದು ಅಮೆರಿಕದಲ್ಲಿ. ಬೀದಿಯಲ್ಲಿ ಪಂದ್ಯ ಕಟ್ಟುವುದು ಅಪಾಯ ಎಂದು 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ಕ್ಯಾಲಿಫೋರ್ನಿಯಾದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. ಅಲ್ಲಿ ಸಾಮಾನ್ಯ ಜನರೂ ತಮ್ಮ ಕಾರು ತಂದು ಓಡಿಸುತ್ತಾರೆ.

ದೊಡ್ಡ ಇಂಜಿನ್ ಇದ್ದವನೇ ಗೆಲ್ಲುತ್ತಾನಾ? ಇಲ್ಲ. ಕೆಸರಲ್ಲಿ ಸಿಕ್ಕ ಟ್ರ್ಯಾಕ್ಟರ್ ನೋಡಿದ್ದೀರಲ್ಲ? ಇಂಜಿನ್ ಜೋರಾಗಿ ಕೂಗುತ್ತದೆ, ಚಕ್ರ ನಿಂತಲ್ಲೇ ಗರಗರ ತಿರುಗುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಟೈರು ನೆಲವನ್ನು ಹಿಡಿದಿದ್ದರೆ ಸ್ಥಾಯಿ ಘರ್ಷಣೆ. ಜಾರಿದರೆ ಜಾರು ಘರ್ಷಣೆ, ಇದರ ಬಲ ಕಡಿಮೆ. ಆದ್ದರಿಂದ ಹೊರಡುವಾಗ ಚಕ್ರ ಜಾರಿದವನು ಹಿಂದೆ ಬೀಳುತ್ತಾನೆ.

ಹಿಡಿತ ಹೆಚ್ಚಿಸಲು ಅವರು ಮಾಡುವುದು:

1. ಮೆತ್ತನೆ ರಬ್ಬರಿನ, ಗೀರುಗಳೇ ಇಲ್ಲದ ಅಗಲ ಟೈರು ಹಾಕುತ್ತಾರೆ. ಇದಕ್ಕೆ ಸ್ಲಿಕ್ ಎಂದು ಹೆಸರು.

2. ಗಾಳಿ ಕಡಿಮೆ ಮಾಡುತ್ತಾರೆ. ಸಾಮಾನ್ಯ ಕಾರಿಗೆ 30 ಪೌಂಡ್‌ ಆಸುಪಾಸು ಗಾಳಿ ಬೇಕು. ಸ್ಲಿಕ್ ಟೈರಿಗೆ ಎಷ್ಟೋ ಸಲ 10-15 ಪೌಂಡ್ ಸಾಕು. ಆಗ ಟೈರು ಚಪ್ಪಟೆಯಾಗಿ ನೆಲಕ್ಕೆ ಕೂರುತ್ತದೆ. ತೀರಾ ಕಡಿಮೆಯಾದರೆ ಕಾರು ಓಲಾಡುತ್ತದೆ.

3. ಓಟಕ್ಕೆ ಮೊದಲು ಟೈರಿಗೆ ಸ್ವಲ್ಪ ನೀರು ತಾಗಿಸಿ, ನಿಂತಲ್ಲೇ ಚಕ್ರ ತಿರುಗಿಸುತ್ತಾರೆ. ಹೊಗೆ ಏಳುತ್ತದೆ. ಅದು ಬರೀ ಆಟ ಅಲ್ಲ. ಟೈರಿನ ದೂಳು ಹೋಗಿ, ರಬ್ಬರು ಕಾದು ಅಂಟುಅಂಟಾಗುತ್ತದೆ.

4. ಹೊರಡುವಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಕಾರನ್ನು ನೂಕುವಂತಿದ್ದರೆ ಈ ಭಾರದಿಂದ ಅದರ ಹಿಡಿತ ಹೆಚ್ಚುತ್ತದೆ.

5. ಎಷ್ಟೋ ಸಲ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತುವುದಿಲ್ಲ. ಟೈರು ಎಷ್ಟು ತಡೆಯುತ್ತದೋ ಅಷ್ಟೇ ಒತ್ತುತ್ತಾರೆ.

ಇಲ್ಲೊಂದು ಮುಖ್ಯ ಮಾತು. "ಬೋಳು ಟೈರೇ ಚೆನ್ನಾಗಿ ಹಿಡಿಯುತ್ತದೆ, ಬದಲಾಯಿಸೋದು ಯಾಕೆ?" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಲಿಕ್ ಒಣ ನೆಲಕ್ಕೆ ಮಾತ್ರ. ಮಳೆ ಬಂದರೆ ಡ್ರ್ಯಾಗ್ ಪಂದ್ಯವನ್ನೇ ನಿಲ್ಲಿಸುತ್ತಾರೆ! ಟೈರಿನ ಗೀರುಗಳು ಸಣ್ಣ ಕಾಲುವೆಗಳಿದ್ದಂತೆ, ನೀರನ್ನು ಪಕ್ಕಕ್ಕೆ ಹರಿಸುತ್ತವೆ. ಅವು ಸವೆದರೆ ಟೈರು ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಹಿಡಿದರೂ ಗಾಡಿ ನಿಲ್ಲಲ್ಲ. ಮನೆಯಲ್ಲಿ ಬೈಕ್ ಇದ್ದರೆ ಮಳೆಗಾಲಕ್ಕೆ ಮೊದಲೇ ಟೈರು ನೋಡಿ, ದೊಡ್ಡವರಿಗೆ ಹೇಳಿ.

ಯೋಚಿಸಿ ಉತ್ತರಿಸಿ:
1. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ದಪ್ಪ ದಪ್ಪ ಹಲ್ಲು ಯಾಕೆ?
2. ನೆಲದಲ್ಲಿ ಘರ್ಷಣೆಯೇ ಇಲ್ಲದಿದ್ದರೆ ನಾವು ನಡೆಯಬಹುದಾ?