ಸಿಂಪಿಗ ಹಕ್ಕಿಯ ಹೊಲಿಗೆಯಿಂದ ಘರ್ಷಣೆಯ ಪಾಠಕ್ಕೆ

ಪೀಠಿಕೆ

ವಿಜ್ಞಾನದ ಅವಧಿಯಲ್ಲಿ ಕರಕುಶಲ ಚಟುವಟಿಕೆ ಎಂದೊಡನೆ ಎರಡು ಆಕ್ಷೇಪಗಳು ಬರುತ್ತವೆ. ಸಮಯ ಸಾಲದು ಎಂಬುದು ಒಂದು. ಮಕ್ಕಳು ಅಂಟು, ಬಣ್ಣಗಳಲ್ಲಿ ಮುಳುಗಿ ಪರಿಕಲ್ಪನೆಯನ್ನು ಮರೆಯುತ್ತಾರೆ ಎಂಬುದು ಇನ್ನೊಂದು. ಮಾದರಿಯನ್ನು ಚಂದಕ್ಕಾಗಿ ಮಾತ್ರ ಮಾಡಿಸಿದರೆ ಎರಡೂ ನಿಜ. ಆದರೆ ಮಾದರಿ ಮಾಡುವ ಕೈಗೆ ಉತ್ತರ ಬೇಕಾದ ಒಂದು ಪ್ರಶ್ನೆ ಎದುರಾದರೆ, ಅದೇ ಕೆಲಸ ಪ್ರಯೋಗವಾಗುತ್ತದೆ. ಮುಳವಾಡದಲ್ಲಿ ಬೋಧನಾಭ್ಯಾಸದ ವೇಳೆ 8ನೇ ತರಗತಿಗೆ ‘ಘರ್ಷಣೆ’ ಘಟಕವನ್ನು ಬೋಧಿಸಿದ ಅನುಭವದಿಂದ ಇದನ್ನು ಹೇಳುತ್ತಿದ್ದೇನೆ.

ಹಕ್ಕಿಯ ಆಯ್ಕೆ

ಶಾಲೆಯ ಕೈತೋಟದ ದಾಸವಾಳದ ಗಿಡದಲ್ಲಿ ಸಿಂಪಿಗ ಹಕ್ಕಿಯ ಗೂಡಿತ್ತು. ಇದಕ್ಕೆ ಟುವ್ವಿ ಹಕ್ಕಿ ಎಂಬ ಹೆಸರೂ ಇದೆ. ಕೊಕ್ಕಿನಿಂದ ಬಾಲದವರೆಗೆ ಸುಮಾರು 13 ಸೆಂ.ಮೀ. ಉದ್ದ, ತೂಕ 10 ಗ್ರಾಂಗಿಂತ ಹೆಚ್ಚಿಲ್ಲ. ಗಿಡದ ಮೇಲಿನ ಎಲೆಯ ಅಂಚುಗಳಿಗೆ ಕೊಕ್ಕಿನಿಂದ ತೂತು ಮಾಡಿ, ಹತ್ತಿ, ನಾರು ಅಥವಾ ಜೇಡರ ಬಲೆಯ ಎಳೆಯಿಂದ ಹೊಲಿದು, ಆ ಚೀಲದೊಳಗೆ ಮೆತ್ತನೆಯ ಗೂಡು ಕಟ್ಟುತ್ತದೆ. ಇದರ ವೈಜ್ಞಾನಿಕ ಹೆಸರು ಆರ್ಥೊಟೋಮಸ್ ಸುಟೋರಿಯಸ್. ಲ್ಯಾಟಿನ್‌ನ ‘ಸುಟೋರ್’ ಎಂದರೆ ಚರ್ಮ ಹೊಲಿಯುವವನು. ನಮ್ಮವರು ಬಟ್ಟೆ ಹೊಲಿಯುವವನನ್ನು ಕಂಡಲ್ಲಿ ಆ ಹೆಸರಿಟ್ಟವರು ಚಪ್ಪಲಿ ಹೊಲಿಯುವವನನ್ನು ಕಂಡರು.

ಮೊದಲ ದಿನವೇ ಒಬ್ಬ ವಿದ್ಯಾರ್ಥಿ, “ಸರ್, ಗೂಡು ಕಿತ್ತು ತರ್ಲೇನ್ರಿ? ಕ್ಲಾಸಿನ್ಯಾಗ ಎಲ್ಲಾರಿಗೂ ಕಾಣತೈತಿ” ಎಂದು ಕೇಳಿದ. ಗೂಡಿನಲ್ಲಿ ಮೊಟ್ಟೆಗಳಿದ್ದವು. ಕಾವು ಕೂತ ಹಕ್ಕಿಗೆ ಸುಮಾರು 12 ದಿನ ನೆಮ್ಮದಿ ಬೇಕು. ಜನ ಮುತ್ತಿದರೆ ಅದು ಗೂಡು ಬಿಟ್ಟು ಹೋಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇಂಥ ಪುಟ್ಟ ಹಕ್ಕಿಗೂ ಅದರ ಮೊಟ್ಟೆಗೂ ಇದೆ. ಆದ್ದರಿಂದ ಗೂಡನ್ನು ತರುವುದಲ್ಲ, ನಾವೇ ಒಂದು ಮಾಡುವುದು ಎಂದು ತೀರ್ಮಾನಿಸಿದೆವು.

ಮೊದಲ ಅವಧಿ: ನೋಡಿ ಮಾಡುವುದು

ನಾಲ್ಕು ಮಕ್ಕಳ ಗುಂಪುಗಳನ್ನು ಮಾಡಿ, ಮೊದಲು ನೆನಪಿನಿಂದ ಹಕ್ಕಿಯನ್ನು ಬಿಡಿಸಲು ಹೇಳಿದೆ. ಬಹುತೇಕ ಚಿತ್ರಗಳಲ್ಲಿ ಬಾಲ ಕೆಳಗಿಳಿದಿತ್ತು, ಕೊಕ್ಕು ಗುಬ್ಬಿಯಂತೆ ಮೊಂಡಾಗಿತ್ತು. ನಂತರ ಒಂದೊಂದೇ ಗುಂಪು ಹತ್ತು ಹೆಜ್ಜೆ ದೂರದಲ್ಲಿ ಸದ್ದಿಲ್ಲದೆ ನಿಂತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಬಂತು: ಬಾಲ ಯಾವ ಕಡೆಗಿದೆ? ನೆತ್ತಿಯ ಬಣ್ಣವೇನು? ಕೊಕ್ಕು ಹೇಗಿದೆ?

ಆಮೇಲೆ ಬಣವಿಯಿಂದ ತಂದ ಜೋಳದ ದಂಟಿನ ಬೆಂಡಿನಿಂದ ಮೈ, ಜಾಲಿಯ ಮುಳ್ಳಿನಿಂದ ಕೊಕ್ಕು, ಸಿಂಪಿಗರ ಅಂಗಡಿಯ ಚಿಂದಿ ಬಟ್ಟೆಯಿಂದ ರೆಕ್ಕೆ ಮಾಡಿದರು. ತುಕ್ಕು ಬಣ್ಣದ ನೆತ್ತಿಗೆ ಕೆಮ್ಮಣ್ಣು ಹಚ್ಚಿದರು. ಅಳತೆಪಟ್ಟಿ ಹಿಡಿದು 13 ಸೆಂ.ಮೀ. ಮೀರದಂತೆ ನೋಡಿಕೊಂಡರು. ಈ ಸಲ ಎಲ್ಲ ಹಕ್ಕಿಗಳ ಬಾಲವೂ ಮೇಲೆದ್ದಿತ್ತು.

ಎರಡನೆಯ ಅವಧಿ: ಹೊಲಿದು ತಿಳಿಯುವುದು

ಪ್ರತಿ ಗುಂಪಿಗೂ ಬಾದಾಮಿ ಗಿಡದ ಹಸಿ ಎಲೆ ಮತ್ತು ಒಣ ಎಲೆ, ಸೂಜಿ, ದಬ್ಬಳ, ನೈಲಾನ್ ದಾರ ಹಾಗೂ ಅರಳೆ ಕೊಟ್ಟೆ. ನಿಯಮ ಒಂದೇ: ಗಂಟು ಹಾಕುವಂತಿಲ್ಲ, ಹಕ್ಕಿಯೂ ಹಾಕುವುದಿಲ್ಲ.

ಒಣ ಎಲೆ ಮಡಿಸಿದ ಕೂಡಲೇ ಮುರಿಯಿತು. ದಬ್ಬಳದ ತೂತು ಅಂಚಿಗೆ ಹತ್ತಿರವಾದಲ್ಲಿ “ಎಲಿ ಹರೀತೈತ್ರಿ ಸರ್” ಎಂಬ ಕೂಗು. ಸಣ್ಣ ತೂತನ್ನು ಅಂಚಿನಿಂದ ತುಸು ಒಳಗೆ ಹಾಕಿದವರ ಎಲೆ ಉಳಿಯಿತು. ನೈಲಾನ್ ದಾರ ಸರಾಗವಾಗಿ ಹೋಯಿತು, ಎಲೆ ಬಿಚ್ಚಿಕೊಂಡಾಗ ಅಷ್ಟೇ ಸರಾಗವಾಗಿ ಜಾರಿತು. ಕೈಯಲ್ಲಿ ಹೊಸೆದ ಅರಳೆಯ ಎಳೆ ಮಾತ್ರ ನಿಂತಿತು.

ಯಾಕೆ ಎಂಬ ಪ್ರಶ್ನೆ ಇಲ್ಲಿ ಮಕ್ಕಳಿಂದಲೇ ಬಂತು. ಉತ್ತರದಲ್ಲಿ ಎರಡು ಅಂಶಗಳನ್ನು ಬೇರ್ಪಡಿಸುವುದು ಶಿಕ್ಷಕರ ಕೆಲಸ. ಅರಳೆಯ ಮೇಲ್ಮೈ ಒರಟು. ತೂತಿನ ಅಂಚಿಗೂ ಎಳೆಗೂ ನಡುವಿನ ಘರ್ಷಣೆ ಜಾರುವಿಕೆಯನ್ನು ವಿರೋಧಿಸುತ್ತದೆ. ಜೊತೆಗೆ ಹೊರಬಂದ ತುದಿ ಹರಡಿಕೊಂಡು ತೂತಿಗಿಂತ ದಪ್ಪವಾಗಿ ಗುಂಡಿಯಂತೆ ತಡೆಯುತ್ತದೆ. ಮೊದಲನೆಯದು ಘರ್ಷಣೆ, ಎರಡನೆಯದು ಆಕಾರದ ತಡೆ. ಎರಡನ್ನೂ ‘ಘರ್ಷಣೆ’ ಎಂದೇ ಬರೆಸಿದರೆ ಪರಿಕಲ್ಪನೆ ಕಲಸುತ್ತದೆ.

ಮರುದಿನ ಕಿತ್ತ ಎಲೆಗಳು ಬಾಡಿ ಮುದುಡಿದ್ದವು. ಗೂಡಿನಿಂದ ದೂರದ ಬಾದಾಮಿ ಗಿಡದಲ್ಲೇ ಹೊಲಿದಿದ್ದ ಒಂದು ಎಲೆ ಹಸಿರಾಗಿಯೇ ಇತ್ತು. ಹಕ್ಕಿ ಎಲೆಯನ್ನು ಕೀಳದೆ ಹೊಲಿಯುವುದೇಕೆ, ಗೂಡು ಸುಲಭಕ್ಕೆ ಕಣ್ಣಿಗೆ ಬೀಳದಿರುವುದೇಕೆ ಎಂಬುದನ್ನು ವಿವರಿಸಲು ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಮನೆಯ ತಿಳಿವಳಿಕೆ

ಹೊಲಿಗೆ ಹುಡುಗಿಯರ ಕೆಲಸವೆಂದು ಕೆಲವು ಹುಡುಗರು ಹಿಂಜರಿದರು. ಜೋಳದ ಚೀಲವನ್ನು ದಬ್ಬಳದಿಂದ ಹೊಲಿಯುವವರು ಯಾರೆಂದು ಕೇಳಿದಾಗ ನಕ್ಕು ಕುಳಿತರು. ಅಜ್ಜಿಯ ಜೊತೆ ಕೌದಿ ಹೊಲಿದು ರೂಢಿಯಿದ್ದ ಒಬ್ಬ ಹುಡುಗಿ, ಎಳೆಯನ್ನು ಬಿಗಿಯಾಗಿ ಜಗ್ಗಿದರೆ ಎಲೆ ಸೀಳುತ್ತದೆಂದು ತನ್ನ ಗುಂಪಿಗೆ ಮೊದಲೇ ಎಚ್ಚರಿಸಿದ್ದಳು. ವಿಜ್ಞಾನದ ಅವಧಿಯಲ್ಲಿ ಕೈ ಎತ್ತದ ಆಕೆ ಅಂದು ಬೇರೆ ಗುಂಪುಗಳಿಗೂ ತೋರಿಸಿಕೊಟ್ಟಳು.

ಮೌಲ್ಯಮಾಪನ

ಅಂದಕ್ಕೆ ಅಂಕವಿರಲಿಲ್ಲ. ನೋಡಿದ್ದು ಮಾದರಿಯಲ್ಲಿ ಬಂದಿದೆಯೇ, ಎಳೆ ನಿಂತ ಕಾರಣ ಹೇಳಬಲ್ಲರೇ, ಮೊದಲ ಯತ್ನದ ನಂತರ ಏನನ್ನು ಬದಲಿಸಿದರು ಎಂಬ ಮೂರು ಅಂಶಗಳಿಗೆ ಅಂಕ. ವಕ್ರವಾಗಿ ಹೊಲಿದ ಒಂದು ಗೂಡಿಗೆ ಅತಿ ಹೆಚ್ಚು ಅಂಕ ಬಂತು. ಆ ಗುಂಪು ನಾಲ್ಕು ಬಾರಿ ತಿದ್ದಿತ್ತು, ಪ್ರತಿ ಬಾರಿಯ ಕಾರಣವನ್ನೂ ಬರೆದಿತ್ತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಎರಡು ಅವಧಿಗಳನ್ನು ಒಟ್ಟಿಗೆ ಕೇಳಿಕೊಳ್ಳಿ. ಸಾಮಗ್ರಿಯನ್ನು ಹಿಂದಿನ ದಿನವೇ ಹಂಚಿ, ಎಲೆಗಳನ್ನು ಮಾತ್ರ ಆಗಲೇ ಕೀಳಿಸಿ. ಮುಳ್ಳು, ದಬ್ಬಳ ಬಳಸುವಾಗ ಗುಂಪಿನ ಬಳಿಯೇ ಇರಿ. ಗೂಡು ಇಲ್ಲದ ಊರಲ್ಲಿ ಹಕ್ಕಿಯ ಚಿತ್ರ ಸಾಕು. ಹೊಲಿಗೆಯ ಪ್ರಯೋಗ ಎಲ್ಲಿಯೂ ಆಗುತ್ತದೆ. ಗೂಡು ಇದ್ದರೆ ಮಾತ್ರ, ಯಾರೂ ದಾಟದ ಹತ್ತು ಹೆಜ್ಜೆಯ ಗೆರೆಯನ್ನು ಪಾಠ ಯೋಜನೆಯಲ್ಲೇ ಬರೆದುಕೊಳ್ಳಿ.