‘ಸ್ಟಡಿಗೆ ಸೇರ್ತೀರಾ?’ ಎಂದು ಡಾಕ್ಟರ್ ಕೇಳಿದರೆ

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದವರಿಗೆ ಇದು ಹೊಸದಲ್ಲ. ಬೆಳಗಿನ ರೌಂಡ್ಸ್ ಮುಗಿದ ಮೇಲೆ ಪಿ.ಜಿ. ಡಾಕ್ಟರೊಬ್ಬರು ಮಂಚದ ಹತ್ತಿರ ಬರುತ್ತಾರೆ. ‘ಅಮ್ಮಾ, ನಮ್ದೊಂದು ಸ್ಟಡಿ ನಡೀತಾ ಇದೆ. ಸ್ವಲ್ಪ ರಕ್ತ ಜಾಸ್ತಿ ತಗೋತೀವಿ, ಅಷ್ಟೇ. ಇಲ್ಲೊಂದು ಸೈನ್ ಹಾಕಿ’ ಎನ್ನುತ್ತಾರೆ. ರೋಗಿ ಮಗನ ಮುಖ ನೋಡುತ್ತಾರೆ, ಮಗ ಡಾಕ್ಟರ ಮುಖ ನೋಡುತ್ತಾನೆ. ಬೇಡ ಅಂದರೆ ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ಒಂದು ಕಡೆ, ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ ಎಂಬ ಭಯ ಇನ್ನೊಂದು ಕಡೆ. ಕೊನೆಗೆ ಕೆಲವರು ಓದದೆ ಸಹಿ ಹಾಕುತ್ತಾರೆ, ಕೆಲವರು ಓದದೆ ಬೇಡ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿದುಹೋಗುತ್ತದೆ.

ಮುಗಿಯಬಾರದು. ಅಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ.

ಮೊದಲ ಪ್ರಶ್ನೆ: ಇದು ನನ್ನ ಚಿಕಿತ್ಸೆಗೋ, ನಿಮ್ಮ ಅಧ್ಯಯನಕ್ಕೋ?

ಬೋಧನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವವರೂ ಸಂಶೋಧನೆ ಮಾಡುವವರೂ ಎಷ್ಟೋ ಸಲ ಒಬ್ಬರೇ. ಬಿಳಿ ಕೋಟು ಅದೇ, ಸ್ಟೆತಸ್ಕೋಪೂ ಅದೇ. ಹಾಗಾಗಿ ಈ ಗೆರೆಯನ್ನು ರೋಗಿಯೇ ಎಳೆಸಬೇಕು. ‘ನಾನು ಸ್ಟಡಿಗೆ ಸೇರದಿದ್ದರೆ ನನಗೆ ಏನು ಚಿಕಿತ್ಸೆ ಸಿಗುತ್ತಿತ್ತು? ಸೇರಿದರೆ ಅದರಲ್ಲಿ ಏನು ಬದಲಾಗುತ್ತದೆ?’ ಎಂದು ಕೇಳಿ. ಒಂದು ಟ್ಯೂಬ್ ರಕ್ತ, ಒಂದು ಸ್ಕ್ಯಾನ್, ಎರಡು ಸಲ ಹೆಚ್ಚಿಗೆ ಓಪಿಡಿಗೆ ಬರುವುದು, ಅಥವಾ ಮಾತ್ರೆಯೇ ಬೇರೆ. ಉತ್ತರ ಹೀಗೆ ಸ್ಪಷ್ಟವಾಗಿರಬೇಕು. ‘ಏನೂ ಇಲ್ಲ, ಸುಮ್ನೆ’ ಎಂಬುದು ಉತ್ತರವಲ್ಲ. ಏನೂ ಇಲ್ಲದಿದ್ದರೆ ಸಹಿ ಯಾಕೆ ಕೇಳುತ್ತಿದ್ದರು?

ಯಾರ ಅಧ್ಯಯನ?

ರೋಗಿಗಳು ‘ಕಂಪನಿ ಔಷಧಿ’ ಎಂದು ಹೆದರುತ್ತಾರೆ. ಆದರೆ ನಮ್ಮ ಮೆಡಿಕಲ್ ಕಾಲೇಜುಗಳ ವಾರ್ಡುಗಳಲ್ಲಿ ಎದುರಾಗುವ ಅಧ್ಯಯನಗಳಲ್ಲಿ ಬಹುಪಾಲು ಪಿ.ಜಿ. ವಿದ್ಯಾರ್ಥಿಗಳವು. ಎಂ.ಡಿ., ಎಂ.ಎಸ್. ಓದುವವರು ಒಂದು ಪ್ರಬಂಧ ಬರೆಯಲೇಬೇಕು. ಅದರ ರೂಪುರೇಷೆ (ಸಿನಾಪ್ಸಿಸ್) ಸಿದ್ಧಪಡಿಸಿ ಕಾಲೇಜಿನ ಎಥಿಕ್ಸ್ ಕಮಿಟಿಯ, ಅಂದರೆ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಇಷ್ಟು ಮಂದಿ ರೋಗಿಗಳು ಎಂದು ಅದರಲ್ಲಿ ಬರೆದಿರುತ್ತಾರೆ, ಆ ಸಂಖ್ಯೆ ಮುಟ್ಟಲೇಬೇಕು. ಆ ಯುವ ಡಾಕ್ಟರ ಅವಸರಕ್ಕೆ ಕಾರಣ ಇದು. ಅವಸರ ಅವರದು, ನಿಮ್ಮದಲ್ಲ.

ಇಂಥವು ಹೆಚ್ಚಾಗಿ ಗಮನಿಸಿ ಬರೆದುಕೊಳ್ಳುವ ಅಧ್ಯಯನಗಳು: ಪ್ರಶ್ನಾವಳಿ, ಕೇಸ್ ಶೀಟಿನ ವಿವರ, ಒಂದಿಷ್ಟು ರಕ್ತ. ಇನ್ನೊಂದು ಬಗೆ ಟ್ರಯಲ್. ಅಲ್ಲಿ ಔಷಧಿಯನ್ನೋ ಶಸ್ತ್ರಚಿಕಿತ್ಸೆಯ ವಿಧಾನವನ್ನೋ ಹೋಲಿಸಿ ನೋಡುತ್ತಾರೆ. ಹೊಸ ಔಷಧಿಯಾದರೆ ‘ಎಷ್ಟನೇ ಹಂತ?’ ಎಂದು ಕೇಳಿ. ಒಂದನೇ ಹಂತದಲ್ಲಿ ಕೆಲವೇ ಜನರ ಮೇಲೆ, ಮುಖ್ಯವಾಗಿ ಸುರಕ್ಷತೆಯ ಪರೀಕ್ಷೆ ನಡೆಯುತ್ತದೆ. ಮೂರನೇ ಹಂತಕ್ಕೆ ಬರುವ ಹೊತ್ತಿಗೆ ಔಷಧಿಯ ಬಗ್ಗೆ ಸಾಕಷ್ಟು ಗೊತ್ತಾಗಿರುತ್ತದೆ. ಹಂತ ಕೆಳಗಿದ್ದಷ್ಟೂ ಗೊತ್ತಿಲ್ಲದ್ದು ಹೆಚ್ಚು.

ಹಾಳೆಗಳನ್ನು ಕೈಗೆ ತೆಗೆದುಕೊಳ್ಳಿ

ಕೊಡುವ ಕಾಗದದಲ್ಲಿ ಎರಡು ಭಾಗ ಇರುತ್ತವೆ: ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ. ಸಹಿ ಬೀಳುವುದು ಎರಡನೆಯದಕ್ಕೆ, ಓದಬೇಕಾದ್ದು ಮೊದಲನೆಯದನ್ನು. ನಿಮಗೆ ಗೊತ್ತಿರುವ ಭಾಷೆಯಲ್ಲೇ ಕೇಳಿ. ಕೆಲವು ಮಾಹಿತಿ ಪತ್ರಗಳ ಕನ್ನಡ ಆ ದೇವರಿಗೇ ಪ್ರೀತಿ. ಅಂಥದ್ದು ಸಿಕ್ಕರೆ ‘ಬಾಯಲ್ಲಿ ಹೇಳಿ’ ಅನ್ನಿ. ಅವರು ಹೇಳಿದ್ದನ್ನು ನೀವು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ನೋಡಿ. ಹೇಳಲು ಆಗದಿದ್ದರೆ ಇನ್ನೂ ಅರ್ಥವಾಗಿಲ್ಲ.

ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆವೃತ್ತಿಯ ಸಂಖ್ಯೆ, ದಿನಾಂಕ ಇರುತ್ತದೆ. ಸಾಮಾನ್ಯವಾಗಿ ಎಥಿಕ್ಸ್ ಕಮಿಟಿಯ ಮೊಹರೂ ಇರುತ್ತದೆ. ಕೊನೆಯಲ್ಲಿ ಮುಖ್ಯ ಸಂಶೋಧಕರ ಮತ್ತು ಕಮಿಟಿಯ ಫೋನ್ ನಂಬರ್ ಇರಬೇಕು. ಅವನ್ನು ಖಾಲಿ ಬಿಟ್ಟಿದ್ದರೆ ತುಂಬಿಸಿಕೊಂಡೇ ಮುಂದಿನ ಮಾತು.

ತುರ್ತು ಸಂದರ್ಭವಲ್ಲದಿದ್ದರೆ ‘ಮನೆಯವರ ಹತ್ತಿರ ಮಾತಾಡಿ ನಾಳೆ ಹೇಳ್ತೀನಿ’ ಎನ್ನಲು ಯಾವ ಸಂಕೋಚವೂ ಬೇಡ. ಓದಲು ಬಾರದವರಿದ್ದರೆ, ಎಲ್ಲವನ್ನೂ ಓದಿ ಹೇಳುವಾಗ ಸಂಶೋಧಕರ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಆಮೇಲೆ ಹೆಬ್ಬೆಟ್ಟು, ಜೊತೆಗೆ ಸಾಕ್ಷಿಯ ಸಹಿ. ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆಯ ಜೊತೆಗೆ, 7 ವರ್ಷ ದಾಟಿದ ಮಗುವಿಗೂ ಅದಕ್ಕೆ ತಿಳಿಯುವಂತೆ ಹೇಳಿ ಒಪ್ಪಿಸಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ.

ಕೆಲವು ಟ್ರಯಲ್‌ಗಳಲ್ಲಿ ಒಪ್ಪಿಗೆಯ ಹೊತ್ತಿಗೆ ಕ್ಯಾಮೆರಾ ಹಿಡಿದು ಬರುತ್ತಾರೆ. ಗಾಬರಿಯಾಗಬೇಡಿ, ಅದು ನಿಮ್ಮ ರಕ್ಷಣೆಗೆ. ಹೊಸ ಔಷಧಗಳ ಟ್ರಯಲ್‌ಗಳಲ್ಲಿ ಜನರಿಗೆ ತಿಳಿಸದೇ ಸೇರಿಸಿಕೊಳ್ಳುತ್ತಿದ್ದಾರೆ ಎಂಬ ದೂರು ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ, 2013ರಿಂದ ಈ ಚಿತ್ರೀಕರಣ ಬಂತು. ಈಗ ಹೊಸ ರಾಸಾಯನಿಕ ಔಷಧಗಳ ಟ್ರಯಲ್‌ಗೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವಾಗ ಇದು ಕಡ್ಡಾಯ. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಗಳಾದರೆ ಧ್ವನಿಮುದ್ರಣ ಸಾಕು, ಮುಖ ತೋರಿಸಬೇಕಿಲ್ಲ.

ಸಹಿಯಾದ ಮೇಲೆ ಒಂದು ಪ್ರತಿ ನಿಮ್ಮದು. ಡಿಸ್ಚಾರ್ಜ್ ಸಮರಿ ಇಡುವ ಫೈಲಿನಲ್ಲೇ ಇಡಿ.

ಮೊಬೈಲಿನಲ್ಲೇ ಪರಿಶೀಲಿಸಿ

ಎಥಿಕ್ಸ್ ಕಮಿಟಿ ಎಂದರೆ ಆ ಆಸ್ಪತ್ರೆಯ ಡಾಕ್ಟರುಗಳ ಕೂಟವಲ್ಲ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ಗೆ ಒಪ್ಪಿಗೆ ಕೊಡುವ ಕಮಿಟಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಸಂಸ್ಥೆಯ ಹೊರಗಿನವರಾಗಿರಬೇಕು. ಒಬ್ಬ ಕಾನೂನು ತಜ್ಞ, ಒಬ್ಬ ಮಹಿಳೆ, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಡಾಕ್ಟರಿಗೆ ಹೊಳೆಯದ ಪ್ರಶ್ನೆಯನ್ನು ಈ ಸಾಮಾನ್ಯ ಸದಸ್ಯರು ಕೇಳಲಿ ಎಂಬುದೇ ಉದ್ದೇಶ.

ಟ್ರಯಲ್ ಆದರೆ ಸಿಟಿಆರ್‌ಐ ನಂಬರ್ ಕೇಳಿ. ಇದು ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿ ಪುಸ್ತಕ. 2007ರ ಜುಲೈನಲ್ಲಿ ಶುರುವಾಯಿತು. ಐಸಿಎಂಆರ್ ನಡೆಸುತ್ತದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುನ್ನವೇ ನೋಂದಣಿಯಾಗಬೇಕೆಂಬ ನಿಯಮ ಬಂದಿದೆ. ನಂಬರಿನಲ್ಲೇ ವರ್ಷ, ತಿಂಗಳು ಇರುತ್ತದೆ. ಹಣ ಯಾರದು, ಎಷ್ಟು ಜನರನ್ನು ಸೇರಿಸುತ್ತಾರೆ, ಯಾವ ಆಸ್ಪತ್ರೆಗಳಲ್ಲಿ, ಏನನ್ನು ಯಾವುದಕ್ಕೆ ಹೋಲಿಸುತ್ತಾರೆ ಎಲ್ಲವೂ ಅಲ್ಲಿರುತ್ತದೆ. ಪುಟ ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ಕೈಗೆ ಮೊಬೈಲ್ ಕೊಡಿ. ಬಾಯಲ್ಲಿ ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗಬೇಕು.

ಚೀಟಿ ಎತ್ತುವ ಮಾತು

ಟ್ರಯಲ್‌ಗೆ ಸೇರಿದ ಮೇಲೆ ಹೆಚ್ಚು ಮುನಿಸಿಗೆ ಕಾರಣವಾಗುವುದು ಇದು: ಯಾರಿಗೆ ಹೊಸ ಔಷಧಿ, ಯಾರಿಗೆ ಹಳೆಯದು ಎಂಬುದನ್ನು ಡಾಕ್ಟರ್ ಆರಿಸುವುದಿಲ್ಲ. ಕಂಪ್ಯೂಟರು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ಎಷ್ಟೋ ಟ್ರಯಲ್‌ಗಳಲ್ಲಿ ನೀವು ನುಂಗುತ್ತಿರುವುದು ಯಾವುದೆಂದು ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಕೆಲವರಿಗೆ ಔಷಧಿಯೇ ಇಲ್ಲದ, ನೋಡಲು ಮಾತ್ರ ಅದೇ ಥರದ ಮಾತ್ರೆ ಬರಬಹುದು. ಅದೇ ಪ್ಲಸೀಬೊ.

ಇದು ಮೋಸವೇ? ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ನಡೆದ ಒಂದು ಅಧ್ಯಯನ ನೋಡಿ. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ತಡೆಯಬಲ್ಲದೇ ಎಂದು ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಪರೀಕ್ಷಿಸಿದರು. ಹಳ್ಳಿಗಳ 1620 ಗರ್ಭಿಣಿಯರು ಸೇರಿದರು. ಅರ್ಧದಷ್ಟು ಜನಕ್ಕೆ ಔಷಧಿ, ಉಳಿದವರಿಗೆ ಪ್ಲಸೀಬೊ. ಮಾತ್ರೆ ಕೊಟ್ಟವರು ಎಎನ್ಎಂ ಸಿಸ್ಟರುಗಳು, ಹೆರಿಗೆಯಾದದ್ದು ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಪ್ಲಸೀಬೊ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ರಕ್ತಸ್ರಾವವಾದರೆ, ಔಷಧಿ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪ್ಲಸೀಬೊ ಗುಂಪು ಇಲ್ಲದಿದ್ದರೆ ಈ ಇಳಿಕೆ ಮಾತ್ರೆಯದೋ ಸಿಸ್ಟರುಗಳ ಆರೈಕೆಯದೋ ಎಂದು ಹೇಳಲು ಆಗುತ್ತಿರಲಿಲ್ಲ.

ಹಾಗೆಂದು ಎಲ್ಲ ಪ್ಲಸೀಬೊವೂ ಸರಿಯೆಂದಲ್ಲ. ನಿಮ್ಮ ಕಾಯಿಲೆಗೆ ಈಗಾಗಲೇ ಒಳ್ಳೆಯ ಔಷಧಿ ಇದ್ದರೆ ‘ನನಗೆ ಅದು ತಪ್ಪುತ್ತದೆಯೇ?’ ಎಂದು ನೇರವಾಗಿ ಕೇಳಿ. ಹೌದು ಎಂದರೆ, ನನ್ನ ಮಟ್ಟಿಗೆ, ಅಲ್ಲಿಂದ ಎದ್ದು ಬರುವುದೇ ವಾಸಿ.

ರಕ್ತ ಎಲ್ಲಿಗೆ ಹೋಗುತ್ತದೆ?

ರಕ್ತದ ಪ್ರಮಾಣಕ್ಕೆ ಹೆದರುವವರು ಬಹಳ. 5 ಎಂ.ಎಲ್. ಎಂದರೆ ಒಂದು ಟೀ ಚಮಚ. ಹೇಗೂ ಪರೀಕ್ಷೆಗೆ ಚುಚ್ಚುವಾಗಲೇ ಅದೇ ಸೂಜಿಯಲ್ಲಿ ಇನ್ನೊಂದು ಟ್ಯೂಬ್ ತುಂಬಿಸಿಕೊಳ್ಳಬಹುದೇ ಎಂದು ಕೇಳಿ, ಒಂದು ಚುಚ್ಚು ಉಳಿಯುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇರುತ್ತದೆ, ಡಿಎನ್‌ಎ ತೆಗೆಯುವುದೂ ಸಾಮಾನ್ಯವಾಗಿ ಇದರಿಂದಲೇ. ಕೆಂಪು, ಹಳದಿ ಮುಚ್ಚಳದವುಗಳಲ್ಲಿ ರಕ್ತ ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಮೇಲಿನ ಸೀರಂ ತೆಗೆಯುತ್ತಾರೆ. ಅದನ್ನು ಪುಟ್ಟ ಪುಟ್ಟ ಟ್ಯೂಬುಗಳಿಗೆ ಹಂಚಿ, ಹೆಸರಿನ ಬದಲು ಕೋಡ್ ನಂಬರ್ ಅಂಟಿಸಿ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡುತ್ತಾರೆ. ವರ್ಷಗಟ್ಟಲೆ ಇರುತ್ತದೆ. ಆದ್ದರಿಂದ ಮೂರು ವಿಷಯ ಕೇಳಿಕೊಳ್ಳಿ: ಈ ಅಧ್ಯಯನಕ್ಕೆ ಮಾತ್ರವೋ ಮುಂದೆ ಬೇರೆಯದಕ್ಕೂ ಬಳಸುತ್ತೀರೋ, ಹೊರಗಿನ ಸಂಸ್ಥೆಗೆ ಕಳಿಸುತ್ತೀರೋ, ಆನುವಂಶಿಕ ಪರೀಕ್ಷೆ ಇದೆಯೋ. ಕೊನೆಯದಕ್ಕೆ ಹೌದು ಎಂದರೆ ವಿಷಯ ನಿಮ್ಮೊಬ್ಬರದೇ ಅಲ್ಲ, ಅಣ್ಣ ತಮ್ಮಂದಿರಿಗೂ ಮಕ್ಕಳಿಗೂ ತಟ್ಟುತ್ತದೆ.

ಬಯಾಪ್ಸಿಯಾದರೆ ಇನ್ನೊಂದು ಎಚ್ಚರ ಬೇಕು. ದೇಹದಿಂದ ತೆಗೆದ ತುಂಡನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ ಒಂದು ಬ್ಲಾಕ್ ಮಾಡುತ್ತಾರೆ. ಅದರಿಂದ ಕೂದಲಿಗಿಂತ ತೆಳ್ಳಗಿನ ಪದರಗಳನ್ನು ಕತ್ತರಿಸಿ ಸ್ಲೈಡ್ ಮಾಡುತ್ತಾರೆ. ಸಣ್ಣ ಬಯಾಪ್ಸಿಯ ಬ್ಲಾಕ್ ಬಹಳ ಸಲ ಕತ್ತರಿಸಿದರೆ ಮುಗಿದೇಹೋಗುತ್ತದೆ. ಮುಂದೆ ಕ್ಯಾನ್ಸರಿಗೆ ಹೊಸ ಪರೀಕ್ಷೆ ಮಾಡಿಸಬೇಕಾದರೆ, ಬೇರೆ ಊರಿನಲ್ಲಿ ಎರಡನೇ ಅಭಿಪ್ರಾಯ ಕೇಳಬೇಕಾದರೆ ಬೇಕಾಗುವುದು ಅದೇ ಬ್ಲಾಕ್. ‘ನನಗೆ ಬೇಕಾದಾಗ ಉಳಿದಿರುತ್ತದೆಯೇ?’ ಎಂಬ ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಸಂಶೋಧನಾ ಲ್ಯಾಬಿನ ಫಲಿತಾಂಶ ಸಾಮಾನ್ಯವಾಗಿ ನಿಮ್ಮ ಫೈಲಿಗೆ ಬರುವುದಿಲ್ಲ. ಚಿಕಿತ್ಸೆಗೆ ಸಂಬಂಧಿಸಿದ್ದು ಏನಾದರೂ ಕಂಡರೆ ತಿಳಿಸುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ತೀರಿಕೊಂಡ ಮೇಲೂ ಸಂಶೋಧನೆಗೆ ನೆರವಾಗಲು ದಾರಿಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಅದನ್ನು ಕಟ್ಟಿದವರು ಡಾ. ಎಸ್.ಕೆ. ಶಂಕರ್. ಕುಟುಂಬದವರ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾದಿಡುತ್ತಾರೆ.

ಖರ್ಚು, ಪರಿಹಾರ

ಅಧ್ಯಯನಕ್ಕಾಗಿಯೇ ಮಾಡುವ ಪರೀಕ್ಷೆಯ ಬಿಲ್ ನಿಮ್ಮ ತಲೆಗೆ ಬರಬಾರದು. ಅದಕ್ಕಾಗಿ ಹೆಚ್ಚಿಗೆ ಬಂದುಹೋಗುವ ಬಸ್ ಚಾರ್ಜು, ಹೋದ ದಿನದ ಕೂಲಿ ಕೊಡುತ್ತಾರೆಯೇ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಎಷ್ಟು ಎಂಬುದು ಮಾಹಿತಿ ಪತ್ರದಲ್ಲೇ ಬರೆದಿರಬೇಕು.

ಟ್ರಯಲ್‌ನಲ್ಲಿ ದೇಹಕ್ಕೆ ಹಾನಿಯಾದರೆ 2019ರ ನಿಯಮಗಳಡಿ ಉಚಿತ ಚಿಕಿತ್ಸೆ ಕೊಡಬೇಕು. ಹಾನಿ ಟ್ರಯಲ್‌ನಿಂದಲೇ ಆದದ್ದೆಂದು ತೀರ್ಮಾನವಾದರೆ ಪ್ರಾಯೋಜಕರು ಪರಿಹಾರವನ್ನೂ ಕೊಡಬೇಕು. ಸಾವಾದರೆ ಪರಿಹಾರಕ್ಕೆ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸು, ಕಾಯಿಲೆಯ ತೀವ್ರತೆ ಲೆಕ್ಕಹಾಕಿ ಅದು ಏರುತ್ತದೆ ಅಥವಾ ಇಳಿಯುತ್ತದೆ. ಗಂಭೀರ ತೊಂದರೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು, ಆದರೆ ಅವರಿಗೆ ಗೊತ್ತಾಗಬೇಕಲ್ಲ? ಮನೆಯಲ್ಲಿ ತಲೆಸುತ್ತು ಬಂದು ಊರಿನ ಡಾಕ್ಟರ ಹತ್ತಿರ ಹೋದರೂ ಅದೇ ದಿನ ಮಾಹಿತಿ ಪತ್ರದಲ್ಲಿರುವ ಸಂಶೋಧಕರ ನಂಬರಿಗೆ ಫೋನ್ ಮಾಡಿ. ಊರಿನ ಡಾಕ್ಟರಿಗೂ ಒಪ್ಪಿಗೆ ಪತ್ರದ ಪ್ರತಿ ತೋರಿಸಿ. ಪಿ.ಜಿ. ಪ್ರಬಂಧದ ಅಧ್ಯಯನವಾದರೆ ಹಾನಿಯ ಜವಾಬ್ದಾರಿ ಯಾರದೆಂದು ಸಹಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಬೇಡವೆನಿಸಿದರೆ

ಯಾವಾಗ ಬೇಕಾದರೂ, ಕಾರಣ ಕೊಡದೆಯೂ ಹೊರಬರಬಹುದು. ಅದರಿಂದ ಮಾಮೂಲಿ ಚಿಕಿತ್ಸೆಗೆ ಏನೂ ಕುಂದು ಬರಬಾರದು. ಬಂದರೆ ದೂರು ಕೊಡಬೇಕಾದ್ದು ಎಥಿಕ್ಸ್ ಕಮಿಟಿಗೆ. ಆದರೆ ಮಾತ್ರೆಯನ್ನು ನೀವೇ ದಿಢೀರನೆ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ, ಕೆಲವನ್ನು ಹಂತಹಂತವಾಗಿ ಕಡಿಮೆ ಮಾಡಬೇಕಾಗುತ್ತದೆ. ಫೋನ್ ಮಾಡಿ, ಹೋಗಿ, ಕೊನೆಯ ತಪಾಸಣೆ ಮಾಡಿಸಿಕೊಳ್ಳಿ. ಉಳಿದ ಮಾತ್ರೆಗಳನ್ನು ಖಾಲಿ ಸ್ಟ್ರಿಪ್ ಸಮೇತ ವಾಪಸ್ ಕೊಡಿ, ಅವರು ಎಣಿಸಿ ಲೆಕ್ಕ ಇಡಬೇಕು. ಫ್ರೀಜರಿನಲ್ಲಿರುವ ನಿಮ್ಮ ಸ್ಯಾಂಪಲ್ ನಾಶ ಮಾಡಬೇಕೋ ಇರಲಿ ಬಿಡಬೇಕೋ ಎಂಬುದನ್ನೂ ಅಲ್ಲೇ ಬರೆದುಕೊಟ್ಟು, ಅದರ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.