ಪುಟ್ಟ ಕಂಪ್ಯೂಟರಿನ ಬಿಸಿ ಇಳಿಸಿ, ಸದ್ದಡಗಿಸಿ

ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಪುಟ್ಟ ಡೆಸ್ಕ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡಿಗೆ ಸಿಗುತ್ತವೆ. ಲೆನೊವೊದವರ ಟೈನಿ, ಡೆಲ್‌ನವರ ಮೈಕ್ರೋ, ಎಚ್‌ಪಿಯವರ ಮಿನಿ ಎಲ್ಲವೂ ಈ ಜಾತಿಯವೇ. ಮಕ್ಕಳ ಓದಿಗೆ, ಅಂಗಡಿಯ ಬಿಲ್ಲಿಂಗಿಗೆ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದಕ್ಕೆ ಇವು ಧಾರಾಳವಾಗಿ ಸಾಕು. ಒಂದೇ ತೊಂದರೆಯೆಂದರೆ ತಂದ ಕೆಲವು ದಿನಕ್ಕೇ ಫ್ಯಾನು ‘ಸುಂಯ್’ ಎಂದು ಕೂಗತೊಡಗುತ್ತದೆ, ಮೈ ಮುಟ್ಟಿದರೆ ಬಿಸಿ. ಆಗ ಹೆಚ್ಚಿನವರು ಹೊಸ ಫ್ಯಾನು ಹುಡುಕಿಕೊಂಡು ಹೊರಡುತ್ತಾರೆ. ಫ್ಯಾನು ಬದಲಿಸುವುದು ಕಟ್ಟಕಡೆಯ ಕೆಲಸ. ಅದು ಕೂಗುವುದು ಒಳಗಿನ ಬಿಸಿಗಾಗಿ. ಬಿಸಿ ಹುಟ್ಟುವುದನ್ನು ಕಡಿಮೆ ಮಾಡಿ, ಹುಟ್ಟಿದ ಬಿಸಿಗೆ ಹೊರಹೋಗುವ ದಾರಿ ಬಿಡಿಸಿಕೊಟ್ಟರೆ ಬಹಳಷ್ಟು ಯಂತ್ರಗಳು ತಾವಾಗಿಯೇ ಸುಮ್ಮನಾಗುತ್ತವೆ.

ಉದಾಹರಣೆಗೆ ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ ಅನ್ನು ತೆಗೆದುಕೊಳ್ಳೋಣ. ಸುಮಾರು 18 ಸೆಂ.ಮೀ. ಉದ್ದಗಲ, 3.5 ಸೆಂ.ಮೀ. ದಪ್ಪ, ಒಟ್ಟು ಗಾತ್ರ ಒಂದು ಲೀಟರಿನ ಆಸುಪಾಸು. ಇದರಲ್ಲಿ ಸಾಮಾನ್ಯವಾಗಿ ಸಿಗುವ ಪ್ರೊಸೆಸರುಗಳಲ್ಲೊಂದು ಇಂಟೆಲ್‌ನ 2018ರ ಐ5-8500ಟಿ. ಆರು ಕೋರ್, 35 ವ್ಯಾಟ್. ಬೇರೆ ಮಾಡೆಲ್ ಇದ್ದವರಿಗೂ ಕ್ರಮ ಇದೇ, ಸ್ಕ್ರೂಗಳ ಜಾಗ ಮಾತ್ರ ಬೇರೆ.

ಹಂತ 1: ಮೊದಲು ಅಳೆಯಿರಿ

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಪ್ರೊಸೆಸರಿನ ಉಷ್ಣಾಂಶ ಕಾಣುತ್ತದೆ. ಫ್ಯಾನಿನ ವೇಗವನ್ನೂ ಹಲವು ಯಂತ್ರಗಳಲ್ಲಿ ತೋರಿಸುತ್ತದೆ. ಲಿನಕ್ಸ್‌ನವರಿಗೆ ಎಲ್ಎಂ-ಸೆನ್ಸರ್ಸ್ ಇದೆ. ಏನೂ ಕೆಲಸ ಕೊಡದೆ ಹತ್ತು ನಿಮಿಷ ಬಿಟ್ಟು ಒಂದು ಅಂಕಿ ಬರೆದುಕೊಳ್ಳಿ, ನೀವು ದಿನವೂ ಮಾಡುವ ಭಾರದ ಕೆಲಸ ಹತ್ತು ನಿಮಿಷ ಮಾಡಿಸಿ ಇನ್ನೊಂದು ಬರೆದುಕೊಳ್ಳಿ. ಪಕ್ಕದಲ್ಲಿ ಕೋಣೆಯ ಉಷ್ಣಾಂಶವನ್ನೂ ಬರೆಯಲೇಬೇಕು. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ, ಫ್ಯಾನು ಅದೇ ವೇಗದಲ್ಲಿದ್ದಾಗ, ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಬರುವ ಅಂಕಿಯನ್ನು ಡಿಸೆಂಬರಿನ ಮಡಿಕೇರಿಯ ಅಂಕಿಯೊಂದಿಗೆ ಹೋಲಿಸಿ ಗಾಬರಿಯಾಗಬೇಡಿ.

ಅದೇ ತಂತ್ರಾಂಶದಲ್ಲಿ ‘ಥರ್ಮಲ್ ಥ್ರಾಟ್ಲಿಂಗ್’ ಎಂಬ ಸಾಲು ಇರುತ್ತದೆ. ಅಲ್ಲಿ ‘ಯೆಸ್’ ಎಂದು ಬಂದರೆ ಬಿಸಿ ತಾಳಲಾರದೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿದೆ ಎಂದರ್ಥ. ಅಂಥ ಯಂತ್ರಕ್ಕೆ ಮುಂದಿನ ಹಂತಗಳು ಬೇಕೇಬೇಕು.

ಹಂತ 2: ಸದ್ದನ್ನು ಕಿವಿಗೊಟ್ಟು ಕೇಳಿ

ಗಾಳಿ ನುಗ್ಗುವ ಸುಂಯ್ ಸದ್ದಾದರೆ ಕಾರಣ ಬಿಸಿ. ಕರಕರ, ಗರಗರ ಎಂದರೆ ಬೇರಿಂಗ್ ಸವೆದಿದೆ. ಟಕಟಕ ಎಂದರೆ ಒಳಗಿನ ಯಾವುದೋ ವೈರು ರೆಕ್ಕೆಗೆ ತಾಗುತ್ತಿರಬಹುದು. ಕಂಪ್ಯೂಟರನ್ನು ಕೈಯಲ್ಲಿ ಎತ್ತಿದ ಕೂಡಲೇ ಗುಂಯ್‌ಗುಡುವುದು ನಿಂತರೆ ತಪ್ಪು ಮೇಜಿನದು. ಅಡಿಗೆ ರಬ್ಬರ್ ಬುಡಗಳನ್ನು ಅಂಟಿಸಿದರೆ ಮುಗಿಯಿತು.

ಹಂತ 3: ಯಾವ ಕೆಲಸ ಬಿಸಿ ಮಾಡುತ್ತಿದೆ?

ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿ. ಎರಡೆರಡು ಆಂಟಿವೈರಸ್ಸುಗಳು, ಮುಚ್ಚಲು ಮರೆತ ಹತ್ತಾರು ಬ್ರೌಸರ್ ಟ್ಯಾಬುಗಳು, ಹಿನ್ನೆಲೆಯಲ್ಲಿ ಓಡುವ ಅಪ್‌ಡೇಟುಗಳು ಮೇಲೆ ಬಂದು ನಿಲ್ಲುತ್ತವೆ. ನೀವು ಸುಮ್ಮನೆ ಕೂತಿರುವಾಗಲೂ ಸಿಪಿಯು ಬಳಕೆ ಶೇ. 20ರ ಮೇಲೇ ಇದ್ದರೆ ಬೇಡದ್ದನ್ನು ತೆಗೆಯುವುದೇ ಮೊದಲ ಮದ್ದು. ಖರ್ಚಿಲ್ಲದ ಈ ಹಂತವನ್ನು ದಯವಿಟ್ಟು ಹಾರಿಸಬೇಡಿ.

ಹಂತ 4: ಜಾಗ ಬದಲಿಸಿ

ಈ ಡಬ್ಬಿ ಮುಂದಿನ ಜಾಲರಿಯಿಂದ ಗಾಳಿ ಎಳೆದು ಹಿಂದಿನಿಂದ ಬಿಸಿಗಾಳಿ ಬಿಡುತ್ತದೆ. ಹಿಂಬದಿ ಗೋಡೆಗೆ ಒತ್ತಿಕೊಂಡಿದ್ದರೆ ಬಿಟ್ಟ ಬಿಸಿಯೇ ಸುತ್ತಿ ಒಳಗೆ ಬರುತ್ತದೆ. ಸುತ್ತ ಒಂದು ಗೇಣು ಜಾಗವಿರಲಿ. ಟಿವಿ ಸ್ಟ್ಯಾಂಡಿನ ಬಾಗಿಲು ಮುಚ್ಚಿದ ಗೂಡು, ದೇವರಮನೆಯ ಪಕ್ಕದ ಮೂಲೆ, ಅಡುಗೆಮನೆಯ ಗೋಡೆಯ ಕಪಾಟು ಮೂರೂ ಬೇಡ. ಊದುಬತ್ತಿಯ ಹೊಗೆ ಮತ್ತು ಒಗ್ಗರಣೆಯ ಜಿಡ್ಡು ದೂಳಿನ ಜೊತೆ ಸೇರಿದರೆ ಊದಿದರೂ ಹೋಗದ ಪದರವಾಗಿ, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿಗೆ ಅಂಟಿಕೊಳ್ಳುತ್ತದೆ.

ಹಂತ 5: ತೆರೆದು ದೂಳು ತೆಗೆಯಿರಿ

ಹೆಚ್ಚಿನ ಫಲ ಸಿಗುವುದು ಇಲ್ಲಿ, ಸಮಾಧಾನದಿಂದ ಮಾಡಿ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿಯಿರಿ. ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಬಿಸಿಯಿದ್ದರೆ ಆರಲು ಬಿಡಿ. ಬರಿಗೈಯಲ್ಲಿ ಒಮ್ಮೆ ಕೇಸಿನ ಲೋಹವನ್ನು ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎಂ720ಕ್ಯೂನಲ್ಲಿ ಹಿಂಭಾಗದ ಒಂದು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳವನ್ನು ಮುಂದಕ್ಕೆ ಜಾರಿಸಿದರೆ ಅದು ಮೇಲಕ್ಕೆ ಬರುತ್ತದೆ. ಬಿಚ್ಚುವ ಪ್ರತಿ ಘಟ್ಟದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗೆ ಕಾಣುವ ಹೀಟ್‌ಸಿಂಕಿನ ತೆಳು ತಗಡುಗಳ ನಡುವೆ ದೂಳು ಹೆಪ್ಪುಗಟ್ಟಿರುತ್ತದೆ. ಕ್ಯಾಮೆರಾ ಒರೆಸುವವರ ರಬ್ಬರ್ ಬ್ಲೋವರ್ ಮತ್ತು ಮೆತ್ತನೆಯ ಬ್ರಷ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದೇ ಇರಬೇಕು. ಜೋರು ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ತಿರುಗುವ ಮೋಟಾರೇ ವಿದ್ಯುತ್ ಹುಟ್ಟಿಸಿ ಬೋರ್ಡಿಗೂ ಕಳಿಸಬಲ್ಲದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಕೊಳವೆಯಲ್ಲಿ ಸ್ಟ್ಯಾಟಿಕ್ ತುಂಬುತ್ತದೆ. ದೂಳು ತೆಗೆದ ಮೇಲೆ ಮುಚ್ಚಳ ಹಾಕಿ, ಮತ್ತೆ ಅಳೆಯಿರಿ. ಒಂದು ಬದಲಾವಣೆ, ಒಂದು ಅಳತೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಉಪಕಾರವಾಯಿತೆಂದು ತಿಳಿಯದು.

ಹಂತ 6: ಥರ್ಮಲ್ ಪೇಸ್ಟ್

ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಕಣ್ಣಿಗೆ ಕಾಣದ ಗುಂಡಿಗಳನ್ನು ತುಂಬುವುದು ಈ ಪೇಸ್ಟ್. ಅಲ್ಲಿ ಗಾಳಿ ಉಳಿದರೆ ಬಿಸಿ ಸರಿಯಾಗಿ ದಾಟುವುದಿಲ್ಲ. ವರ್ಷಗಳು ಕಳೆದಂತೆ ಅದು ಒಣಗಿ ಬಿರಿಯುತ್ತದೆ. ದೂಳು ತೆಗೆದ ಮೇಲೂ ಉಷ್ಣಾಂಶ ಇಳಿಯದಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಹೀಟ್‌ಸಿಂಕ್ ಬಿಚ್ಚುವ ಮೊದಲು ಕಂಪ್ಯೂಟರನ್ನು ಐದು ನಿಮಿಷ ಓಡಿಸಿ ಆಫ್ ಮಾಡಿ, ಅಡಾಪ್ಟರ್ ಕೀಳಿ. ಬೆಚ್ಚಗಿದ್ದರೆ ಹಳೆಯ ಪೇಸ್ಟ್ ಬೇಗ ಬಿಡುತ್ತದೆ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚಬೇಡಿ. ಒಂದನ್ನು ಎರಡು ಸುತ್ತು, ಎದುರು ಮೂಲೆಯದನ್ನು ಎರಡು ಸುತ್ತು, ಹೀಗೆ. ನೇರವಾಗಿ ಮೇಲಕ್ಕೆ ಕೀಳಬಾರದು, ಮೆಲ್ಲಗೆ ಅತ್ತಿತ್ತ ತಿರುಚಿ ಎತ್ತಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಐಪಿಎ’ ಎಂದು ಕೇಳಿ, ಶೇ. 90ಕ್ಕಿಂತ ಮೇಲಿನದನ್ನೇ ತನ್ನಿ. ಪೂರ್ತಿ ಒಣಗಿದ ಮೇಲೆ ಪ್ರೊಸೆಸರಿನ ನಟ್ಟನಡುವೆ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕನ್ನು ಕೂರಿಸಿ, ಅದೇ ಅಡ್ಡಮೂಲೆ ಕ್ರಮದಲ್ಲಿ ಬಿಗಿ ಮಾಡಿ. ಬೆರಳಿನಲ್ಲಿ ಸವರುವುದು ಬೇಡ, ಒತ್ತಡಕ್ಕೆ ತಾನೇ ಹರಡುತ್ತದೆ. ಫ್ಯಾನಿನ ಕನೆಕ್ಟರ್ ಮರಳಿ ಹಾಕಿದ್ದೀರಾ ಎಂದು ನೋಡಿ, ಆಮೇಲೆ ಅಡಾಪ್ಟರ್ ಚುಚ್ಚಿ.

ಹಂತ 7: ಪ್ರೊಸೆಸರಿಗೆ ಸ್ವಲ್ಪ ಲಗಾಮು

ಐ5-8500ಟಿಯ ಮೂಲ ವೇಗ 2.1 ಗಿಗಾಹರ್ಟ್ಸ್, ಟರ್ಬೋ ವೇಗ 3.5 ಗಿಗಾಹರ್ಟ್ಸ್. ಟರ್ಬೋಗೆ ಏರಿದಾಗ ವೋಲ್ಟೇಜೂ ಏರುತ್ತದೆ; ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಕೊನೆಯ ಚೂರು ವೇಗಕ್ಕೆ ತೆರುವ ಬಿಸಿ ವಿಪರೀತ. ಒಂದು ಪುಟ ತೆರೆದಾಗಲೆಲ್ಲ ಫ್ಯಾನು ಏರಿ ಇಳಿಯುವುದು ಇದರಿಂದಲೇ.

ವಿಂಡೋಸ್ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ, ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ರಿಂದ 99ಕ್ಕೆ ಇಳಿಸಿ. ಇಷ್ಟಕ್ಕೇ ಟರ್ಬೋ ನಿಲ್ಲುತ್ತದೆ. ಟೈಪಿಂಗ್, ಟ್ಯಾಲಿ, ಆನ್‌ಲೈನ್ ಪಾಠಗಳಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ವಿಡಿಯೊ ಎಡಿಟಿಂಗ್ ಮಾಡುವವರಿಗೆ ಖಂಡಿತ ತಿಳಿಯುತ್ತದೆ, ಅವರು 100ರಲ್ಲೇ ಬಿಡಲಿ. ಎಂ720ಕ್ಯೂನಲ್ಲಿ ಆನ್ ಆಗುವಾಗ ಎಫ್1 ಒತ್ತಿ ಬಯಾಸ್‌ಗೆ ಹೋದರೆ ಫ್ಯಾನಿನ ನಡತೆಗೂ ಆಯ್ಕೆಗಳಿವೆ. ‘ಬೆಟರ್ ಅಕೌಸ್ಟಿಕ್ ಪರ್ಫಾರ್ಮೆನ್ಸ್’ ಎಂಬುದು ಸದ್ದು ಕಡಿಮೆ ಮಾಡುವುದು. ಹಿಂದಿನ ಹಂತಗಳು ಮುಗಿಯದೆ ಇದನ್ನು ಹಾಕಿದರೆ ಬಿಸಿಯನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

ಫ್ಯಾನಿನ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧವಾದಂತೆ ಕೇಳಿಸುತ್ತದೆ. ಹಾಗಾಗಿ ಫ್ಯಾನಿನ ವೇಗ ತಗ್ಗಿಸುವ ನಾಲ್ಕೈದು ಡಿಗ್ರಿಯ ಇಳಿಕೆಯೂ ಸಣ್ಣದಲ್ಲ.

ಹಂತ 8: ಫ್ಯಾನು ಬದಲಿಸಲೇಬೇಕಾದರೆ

ಗರಗರ ಸದ್ದು ನಿಲ್ಲದಿದ್ದಾಗ, ರೆಕ್ಕೆ ಅಲ್ಲಾಡುವಾಗ ಬೇರೆ ದಾರಿಯಿಲ್ಲ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬೇರಿಂಗಿಗೆ ಬಿಟ್ಟರೆ ಹೊಸದು ಬರುವ ತನಕ ನಡೆದೀತು. ಕೊಬ್ಬರಿ ಎಣ್ಣೆ ಮಾತ್ರ ಬೇಡ, 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುತ್ತದೆ. ಕೊಳ್ಳುವಾಗ ಹಳೆಯ ಫ್ಯಾನಿನ ಸ್ಟಿಕ್ಕರಿನ ಮೇಲಿನ ಪಾರ್ಟ್ ನಂಬರ್, ವೋಲ್ಟೇಜ್, ಆಂಪಿಯರ್ ಹೊಂದಲೇಬೇಕು. ನಾಲ್ಕು ವೈರಿನದೇ ಬೇಕೆಂದು ಒತ್ತಿ ಹೇಳಿ: ಎರಡು ವಿದ್ಯುತ್ತಿಗೆ, ಒಂದು ತಿರುಗುವ ವೇಗ ತಿಳಿಸಲು, ಇನ್ನೊಂದು ವೇಗ ಬದಲಿಸಲು. ಎರಡೇ ವೈರಿನ ಅಗ್ಗದ ಫ್ಯಾನು ಹಾಕಿದರೆ ಬೋರ್ಡಿಗೆ ವೇಗ ತಿಳಿಯದೆ ಆನ್ ಮಾಡಿದಾಗ ಫ್ಯಾನ್ ಎರರ್ ಬರಬಹುದು. ಆದಷ್ಟು ಹಳೆಯ ಫ್ಯಾನನ್ನೇ ಅಂಗಡಿಗೆ ಒಯ್ದು, ಕನೆಕ್ಟರನ್ನು ಪಕ್ಕಪಕ್ಕ ಹಿಡಿದು ನೋಡಿ ಕೊಳ್ಳಿ.